ಡೆಂಟಿಲ್ಲದ ತಲೆ

ಈ ಭೂಮಂಡಲದಲ್ಲಿ ಯಾವ ಬಡಗಿಯೂ ಮಾಡದಂಥ ಕಪಾಟನ್ನು ಮಾಡಿ ತೋರಿಸುತ್ತೇನೆಂದು ಡೆಂಟಿಂಗ್ ಮೇಸ್ತ್ರಿ ಪಣ ತೊಟ್ಟ. ಮಾಡಿಯೂ ಬಿಟ್ಟ. ಕಷ್ಟ ಶುರುವಾದದ್ದೇ ಅಲ್ಲಿಂದ.

ಮೇಸ್ತ್ರಿ ಎಂದರೆ ಸಾಮಾನ್ಯದವನಲ್ಲ. ಗುದ್ದಿಸಿಕೊಂಡು ಬಂದ ಕಾರಿನ ಮೈಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಸಾಕು, ತಗ್ಗೆಲ್ಲಿ, ಉಬ್ಬೆಲ್ಲಿ ಎಂದು ಹೇಳಿಬಿಡುತ್ತಿದ್ದ. ಬಾಗಿಲು ಹಾಕಿದ ಸದ್ದು ಕೇಳಿಯೇ, ಹೋದ ಸಲ ಇದು ಹೀಗೆ ಕೂರುತ್ತಿರಲಿಲ್ಲವಲ್ಲ ಎಂದು ಮಾಲೀಕನ ಎದೆ ನಡುಗಿಸುತ್ತಿದ್ದ. ಅಂಥವನ ಹೆಂಡತಿ ಅಡುಗೆಮನೆಗೊಂದು ಕಪಾಟು ಬೇಕೆಂದರೆ ಅವನು ಹೋಗಿ ಬಡಗಿಯ ಮುಂದೆ ನಿಲ್ಲುವುದುಂಟೇ! ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೇ ಕಾರೊಂದರ ಡಿಕ್ಕಿ ಮುಚ್ಚಳವನ್ನು ಹೊತ್ತು ತಂದ. ತಟ್ಟಿದ, ಕುಟ್ಟಿದ, ಕೆಂಪು ಬಣ್ಣ ಹೊಡೆದ. ಒಲೆಯ ಪಕ್ಕದ ಕಪಾಟಿಗೆ ಮೇಲಕ್ಕೆತ್ತುವ ಬಾಗಿಲಾಗಿ ಜೋಡಿಸಿದ. ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು, ಅಂಥ ಹೊಳಪು.

"ಎತ್ತಿದ್ದು ಬಿದ್ರೆ?" ಎಂದಳು ಹೆಂಡತಿ.

"ನಾನು ಕೂರಿಸಿದ್ದು ಬೀಳತ್ತೇನೇ?"

ಆ ವಾರವೇ ಬಿತ್ತು. ಸಕ್ಕರೆ ಡಬ್ಬಿ ತೆಗೆಯಲು ಬಾಗಿದ್ದವಳ ನೆತ್ತಿಯ ಮೇಲೆಯೇ ಬಿತ್ತು. ಸದ್ದಿಗೆ ಮೇಸ್ತ್ರಿ ಓಡಿ ಬಂದ. ಬಂದವನ ಕೈ ಮೊದಲು ಹೋದದ್ದು, ಹೇಳಲು ನಾಚಿಕೆ, ಆದರೂ ಹೇಳಲೇಬೇಕು, ಮುಚ್ಚಳದ ಮೇಲೆ. ಬಣ್ಣ ಎದ್ದಿರಲಿಲ್ಲ. ನಿಟ್ಟುಸಿರು ಬಿಟ್ಟು, ನೆಲಕ್ಕೆ ಕುಸಿದು ಕೂತಿದ್ದ ಹೆಂಡತಿಯ ತಲೆಯ ಮೇಲೆ ಅದೇ ಅಂಗೈಯನ್ನು ಹಣೆಯಿಂದ ಹಿಂದಲೆಯವರೆಗೆ ಆಡಿಸಿದ, ಕಣ್ಣು ಮುಚ್ಚಿ.

"ಡೆಂಟಿಲ್ಲ, ಗೀರಿಲ್ಲ. ಏನೂ ಆಗಿಲ್ಲ, ಏಳು."

ಅವಳು ಎದ್ದಳು. ಎದ್ದು ಚಹಾಕ್ಕೆ ಉಪ್ಪು ಹಾಕಿದಳು. ಕಪಾಟಿನ ಮೇಲಿನ ಸಿಟ್ಟನ್ನು ಚಹಾದಲ್ಲಿ ಕಲಸಿ ಕೊಡುವ ವಿದ್ಯೆ ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತದೆಂದು ಮೇಸ್ತ್ರಿ ಅಂದು ಗ್ಯಾರೇಜಿನಲ್ಲಿ ಭಾಷಣ ಬಿಗಿದ. ಮರುದಿನ ಅವಳು ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಳು; ಬಲ್ಬು ಹಳತಾಗಿದೆಯೆಂದು ಇನ್ನೂ ದೊಡ್ಡದನ್ನು ತಂದು ಹಾಕಿದ. ತಲೆ ಧಿಮ್ಮೆನ್ನುತ್ತದೆ, ಸದ್ದು ತಡೆಯಲಾಗುವುದಿಲ್ಲ ಎಂದಳು. ಅವನು ಹಿತ್ತಲಲ್ಲಿ ಯಾರದೋ ಬಾನೆಟ್ಟು ಕುಟ್ಟುತ್ತಿದ್ದ, ಕೇಳಿಸಲಿಲ್ಲ. ಆಮೇಲೆ ಅವಳು ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತಳು. ಪಾತ್ರೆ ಕರಕಲಾಯಿತು, ಬಿಸಿಗೆ ಮುಚ್ಚಳದ ಕೆಂಪು ಬಣ್ಣ ಗುಳ್ಳೆ ಎದ್ದಿತು. ಆಗ ಮೇಸ್ತ್ರಿಗೆ ಪರಿಸ್ಥಿತಿ ಕೈಮೀರಿದೆ ಅನ್ನಿಸಿತು.

ಬಣ್ಣದ ಶೋಕದಲ್ಲಿ ಅವನು ಕೂಗಾಡುತ್ತಿರುವಾಗಲೇ ಹೆಂಡತಿಯ ತಂಗಿ ಬಂದಳು. ಅಕ್ಕ ಅವಳನ್ನು ಮಿಕಮಿಕ ನೋಡಿ, ಯಾವಾಗ ಬಂದೆ ಎಂದು ಕೇಳಿದಳು. ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮತ್ತೆ ಅದನ್ನೇ ಕೇಳಿದಳು.

"ಭಾವ, ಇವಳನ್ನ ಯಾರಿಗಾದ್ರೂ ತೋರಿಸಿದ್ರಾ?"

"ನಾನೇ ನೋಡಿದೀನಲ್ಲ."

"ಕಾರಾಗಿದ್ರೆ ಜಾಕ್ ಕೊಟ್ಟು ಅಡಿಗಾದ್ರೂ ಬಗ್ಗಿ ನೋಡ್ತಿದ್ರಿ," ಎಂದು ಅವಳು ಅಕ್ಕನಿಗೆ ಚಪ್ಪಲಿ ಮೆಟ್ಟಿಸಿದಳು.

ಮೇಸ್ತ್ರಿಯೂ ಹಿಂದೆ ಹೊರಟ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಬಿಟ್ಟರು, ಗೆರೆಯ ಮೇಲೆ ನಡೆಸಿದರು, ತಿಂಗಳ ಹೆಸರುಗಳನ್ನು ಕೊನೆಯಿಂದ ಮೊದಲಿಗೆ ಹೇಳಿಸಿದರು. ಹೆಂಡತಿ ನಡುವೆಲ್ಲೋ ದಾರಿ ತಪ್ಪಿ ನಿಂತಳು. ಬುರುಡೆ ಗಟ್ಟಿಯಾಗಿಯೇ ಇದೆ, ಪೆಟ್ಟು ಬಿದ್ದು ಒಳಗಿನ ಮೆದುಳು ಅಲುಗಿದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಸ್ಕ್ಯಾನಿನಲ್ಲೂ ಇದು ಎಷ್ಟೋ ಸಲ ಕಾಣುವುದಿಲ್ಲವಂತೆ. ಈಗ ಬೇಕಾದದ್ದು ವಿಶ್ರಾಂತಿ. ವಾಂತಿಯಾದರೆ, ನೋವು ಏರಿದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಎತ್ತಿಕೊಂಡು ಬರಬೇಕು. ಇದು ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು.

ಮೇಸ್ತ್ರಿಗೆ ಜೀವ ಬಾಯಿಗೆ ಬಂತು. ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಗೊತ್ತು ಬಿಡಿ ಮೇಡಂ. ಮೇಲೆ ಪಾಲಿಶ್, ಒಳಗೆ ಚಾಸಿ ಸೊಟ್ಟ. ಗಿರಾಕಿಗಳಿಗೆ ದಿನಾ ಇದನ್ನೇ ಹೇಳ್ತೀನಿ."

ತಂಗಿ ಅವನನ್ನು ನೋಡಿದ ನೋಟಕ್ಕೆ ಸುತ್ತಿಗೆಯೂ ಡೊಂಕಾಗಬೇಕಿತ್ತು.

ಯಂತ್ರಕ್ಕೆ ಕಾಣದ್ದು ಮನೆಯವರಿಗೆ ಕಾಣುತ್ತದೆ ಎಂದು ಡಾಕ್ಟರಮ್ಮ ಅವನತ್ತಲೇ ತಿರುಗಿದರು. ನಿದ್ದೆ ಮೊದಲಿಗಿಂತ ಹೆಚ್ಚಾಗಿದೆಯೇ? ಅವಳಿಗಿಂತ ಮೊದಲು ಮಲಗಿ, ಅವಳಾದ ಮೇಲೆ ಏಳುವ ಮೇಸ್ತ್ರಿ ಸೂರು ನೋಡಿದ. ಇಷ್ಟಪಟ್ಟು ಮಾಡುತ್ತಿದ್ದ ಏನನ್ನಾದರೂ ಬಿಟ್ಟಿದ್ದಾರೆಯೇ? ಅವನು ತಂಗಿಯ ಮುಖ ನೋಡಿದ. ಊರಿನ ಅಷ್ಟೂ ಕಾರುಗಳ ಬಾಗಿಲಿನ ಸದ್ದು ಬಲ್ಲವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು.

"ಮಾತು ಕಡಿಮೆ ಆಗಿದೆಯಾ?"

ಅಬ್ಬ, ಇದು ಗೊತ್ತಿತ್ತು. ಮೇಸ್ತ್ರಿ ಕುರ್ಚಿಯ ತುದಿಗೆ ಬಂದ. "ಹೌದು ಮೇಡಂ. ಮಾತೇ ಆಡಲ್ಲ. ಕೇಳಿದ್ರೆ ಹೂಂ, ಇಲ್ಲಾಂದ್ರೆ ಉಹೂಂ. ಅಷ್ಟೇ."

ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ಅಷ್ಟು ಹೊತ್ತೂ ಕಣ್ಣು ಮುಚ್ಚಿ ಕೂತಿದ್ದ ಹೆಂಡತಿ ಮೆಲ್ಲಗೆ ಕೈ ಎತ್ತಿದಳು.

"ಅದನ್ನ ಬರ್ಕೋಬೇಡಿ ಡಾಕ್ಟ್ರೇ. ಅದು ಈ ಪೆಟ್ಟಿಂದ ಆಗಿದ್ದಲ್ಲ. ಮದುವೆ ಆದ ಹೊಸದರಲ್ಲೇ ನಿಂತುಹೋಗಿದ್ದು."

ಡಾಕ್ಟರಮ್ಮ ಬರೆದದ್ದನ್ನು ಹೊಡೆದು ಹಾಕಿದರು. ಮುಂದಿನ ಪ್ರಶ್ನೆಯನ್ನು ತಂಗಿಗೆ ಕೇಳಿದರು.