ಗಗನಯಾತ್ರಿಗೆ ಕುಬಸ

ಶ್ರಾವಣದ ಪುರಾಣ ಹೇಳುತ್ತಿದ್ದ ಶಾಸ್ತ್ರಿಗಳ ಗಂಟಲು ಕಟ್ಟಿದ್ದೇ ಗಾಳೇಶ ಮಾಸ್ತರರ ಗ್ರಹಚಾರಕ್ಕೆ ಮೂಲವಾಯಿತು. ಅವತ್ತು ಕನಕಗಿರಿಯ ಅವರ ಓಣಿಯ ಗುಡಿಯಲ್ಲಿ ಓದುವವರಿರಲಿಲ್ಲ. ಮಾಸ್ತರರು ತಾವೇ ಬರೆದ ಕಾದಂಬರಿ ಹಿಡಿದು ಹೊರಟರು. ಅದರಲ್ಲಿ ಗಗನಯಾತ್ರಿಗಳು ಏಳುತ್ತಾರೆ, ಉಣ್ಣುತ್ತಾರೆ, ಕಿಟಕಿಯಿಂದ ಭೂಮಿ ನೋಡುತ್ತ ಯೋಚಿಸುತ್ತಾರೆ. ಅಷ್ಟೇ. ಗಂಗಾವತಿಯ ಪ್ರಕಾಶಕ ಕಾಶಿನಾಥ, "ಜನ ಕುಂತು ಕೇಳಿದ್ರ ಅಚ್ಚು ಹಾಕಸ್ತೀನ್ರಿ. ಸಂಜೀಕ ನಾನೂ ಬರ್ತೀನಿ," ಎಂದಿದ್ದರು.

"ಒಬ್ಬ ರಾಕ್ಷಸನ್ನರ ಹಾಕ್ರಿ," ಎಂದು ಹೆಂಡತಿ ರೂಪಾ ಅಂಗಲಾಚಿದಳು.

"ಯಾರು ಹೇಳಿದ್ರೂ ಹಾಕಂಗಿಲ್ಲ!" ಎಂದು ಮಾಸ್ತರರು ಮೈಕಿನ ಮುಂದೆ ಕೂತರು.

ಮೊದಲ ಪುಟಕ್ಕೇ ತಕರಾರು. ಅಲ್ಲಿ ದಿನಕ್ಕೆ ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ ಎಂದು ಓದಿದ್ದೇ ತಡ, ಎದುರಿಗೇ ಕೂತಿದ್ದ ಮುದುಕವ್ವ ಕೇಳಿದಳು: "ಹಂಗಾರ ಸೋಮಾರದ ಒಪ್ಪತ್ತು ಹೆಂಗ ಮಾಡ್ತಾರೋ ಯಪ್ಪಾ? ಒಲಿ ಹಚ್ಚೂದ್ರಾಗ ಹೊತ್ತು ಮುಣಗತೈತಲ್ಲ!"

ಮಾಸ್ತರರು ಹಲ್ಲು ಕಚ್ಚಿ ಮುಂದುವರಿಸಿದರು. ನಾಯಕಿಗೆ ತೂಕವಿಲ್ಲದ ಲೋಕ ಇನ್ನೂ ಒಗ್ಗಿಲ್ಲ. ತಲೆ ತಿರುಗುತ್ತದೆ, ಉಂಡದ್ದು ವಾಂತಿಯಾಗುತ್ತದೆ. ಗುಡಿಯಲ್ಲಿ ಗುಸುಗುಸು ಎದ್ದಿತು.

"ಬಸರಾಗ್ಯಾಳ!" ಎಂದು ಮುದುಕವ್ವ ತೀರ್ಪು ಕೊಟ್ಟೇಬಿಟ್ಟಳು.

"ಇಲ್ಲಬೇ! ಅಲ್ಲಿ ತೂಕ ಇರಂಗಿಲ್ಲ, ಅದಕ್ಕ!"

"ಮೂರು ತಿಂಗಳತನಕ ತೂಕ ಎಲ್ಲಿ ಬರತೈತಿ?"

ಪುರಾಣದಲ್ಲಿ ಶರಣರ ತಾಯಿ ಬಸಿರಾದರೆ ಕೇಳುವ ಹೆಂಗಸರೇ ಸೀಮಂತದ ಕುಬಸ ಮಾಡುತ್ತಾರೆ, ಹೆತ್ತರೆ ತೊಟ್ಟಿಲು ತೂಗುತ್ತಾರೆ. ಓಣಿಯ ರೂಢಿಯೇ ಹಾಗೆ. ನೋಡನೋಡುತ್ತಲೇ ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲು ಬಂದವು. ಗುಡಿ ಪಕ್ಕದ ಮನೆಯ ತಾಜಬೀ ಒಂದು ಡಬ್ಬಿ ಶೇಂಗಾ ಉಂಡಿಯನ್ನೇ ತಂದಿಟ್ಟಳು. "ಪಾಪ, ತವರುಮನಿ ಅಷ್ಟು ದೂರ ಐತಿ. ಬಯಕಿ ಯಾರು ತೀರಸ್ತಾರ?"

"ಬಸರಿಲ್ಲ ಅಂದ್ರ ಬಸರಿಲ್ಲ! ಬರದಾವ ನಾನು!" ಮಾಸ್ತರರು ಗುಡುಗಿದರು.

"ಬರದಾವಗೇನು ಗೊತ್ತಾಕೈತಿ? ಹಡದೋರನ್ನ ಕೇಳು," ಎಂದಳು ಮುದುಕವ್ವ.

ಮಾಸ್ತರರು ಸಿಟ್ಟಿನಿಂದ ಮೈಕನ್ನೇ ಆಚೆ ತಳ್ಳಿದರು. "ಕೇಳಿದ್ರ ಕೇಳ್ರಿ, ಬಿಟ್ರ ಬಿಡ್ರಿ!" ಎಂದು ಹಾಳೆಗಳಲ್ಲಿ ಮುಖ ಹುದುಗಿಸಿ, ಬರಿಗಂಟಲಲ್ಲೇ ಓದತೊಡಗಿದರು. ಆ ಕಡೆ ಮುದುಕವ್ವ ಏನೋ ಹೇಳತೊಡಗಿದಳು, ತೊಟ್ಟಿಲು ಬಂತು, ಜೋಗುಳ ಶುರುವಾಯಿತು. ಇವರು ದನಿ ಏರಿಸಿದರು. ಅವರೂ ಏರಿಸಿದರು. ಕೊನೆಗೆ ನಾಯಕಿ ಒಬ್ಬಳೇ ಕಿಟಕಿಯ ಬಳಿ ತೇಲುತ್ತ ಭೂಮಿ ನೋಡುವಲ್ಲಿ, ಬರೆದದ್ದು ಬರೆದ ಹಾಗೆಯೇ ಕಾದಂಬರಿ ಮುಗಿಯಿತು.

ತಲೆಯೆತ್ತಿದರೆ ಒಬ್ಬರೂ ಎದ್ದು ಹೋಗಿರಲಿಲ್ಲ. ಗುಡಿಗೆ ಗುಡಿಯೇ ಕಣ್ಣೊರೆಸಿಕೊಳ್ಳುತ್ತಿತ್ತು. ಗೆದ್ದೆ ಎಂದು ಮಾಸ್ತರರ ಎದೆ ಉಬ್ಬಿತು.

ಅಷ್ಟರಲ್ಲಿ ಕಾಶಿನಾಥ ಏದುಸಿರು ಬಿಡುತ್ತ ಬಂದರು. "ಬಸ್ಸು ತಡಾ ಆತ್ರಿ. ಆದ್ರ ಬಸ್‌ಸ್ಟ್ಯಾಂಡಿಂದ ಇಲ್ಲೀತನಕ ಮೈಕಿನ್ಯಾಗ ಎಲ್ಲಾ ಕೇಳಿದೆ. ಅಳು ತಡಿಯಾಕಾಗಲಿಲ್ಲ. ಅಚ್ಚು ಹಾಕಸೂದು ಖರೇ!"

ಮಾಸ್ತರರು ಕೈ ಚಾಚಿದರು. ಕಾಶಿನಾಥ ಅವರನ್ನು ದಾಟಿ ಹೋಗಿ, ಮೈಕು ಹಿಡಿದು ಕೂತಿದ್ದ ಮುದುಕವ್ವನಿಗೆ ಕೈಮುಗಿದರು.

"ಅವ್ವಾ, ಚುಕ್ಕಿ ನಡುವ ಹೆರಿಗಿ! ಎಂಥಾ ಕತಿ ಕಟ್ಟೀದಿಬೇ!" ಆಮೇಲೆ ಮಾಸ್ತರರತ್ತ ತಿರುಗಿದರು. "ಆಕೀಗೆ ಬರಿಯಾಕ ಬರಂಗಿಲ್ಲಂತ. ಆಕಿ ಹೇಳ್ತಾಳ, ನೀವು ಕುಂತು ಬರಕೊಡ್ರಿ."

"ಬರಿಯಂಗಿಲ್ಲ! ಆಕಿ ಬಸರೇ ಅಲ್ರೀ!" ಮಾಸ್ತರರು ಕಿರುಚಿದರು.

"ಈಗೆಲ್ಲಿ ಬಸರು? ಹಡದ ಬಾಣಂತಿ," ಎಂದಳು ಮುದುಕವ್ವ, ಖಾಲಿ ತೊಟ್ಟಿಲು ತೂಗುತ್ತ. "ಮೆಲ್ಲಕ ಮಾತಾಡೋ ಯಪ್ಪಾ, ಕೂಸು ಈಗರ ಮಲಗೈತಿ."