ಪಿಲ್ಬೀಮ್ ಮನೆತನ ಜಾಲಾಡಿದ್ದು

ನನ್ನ ಮಗಳು ಸಂಧ್ಯಾರಾಣಿ ಕಾಮರ್ಸ್ ಓದಿ, ಮೆಲ್ಬರ್ನಿನಲ್ಲಿ ಬ್ಯಾಂಕಿನ ಕೆಲಸ ಹಿಡಿದು, ಕೊನೆಗೆ ಪ್ರೀತಿಸಿದ್ದು ಒಬ್ಬ ನಳ ರಿಪೇರಿಯವನನ್ನು. ಈ ದೇಶದಲ್ಲಿ ಅವನಿಗೆ ಪ್ಲಂಬರ್ ಅಂತ ಗೌರವದಿಂದ ಹೇಳುತ್ತಾರಂತೆ. ಏನು ಬೇಕಾದರೂ ಹೇಳಲಿ, ಬಚ್ಚಲ ಕೊಳವೆ ಬಚ್ಚಲ ಕೊಳವೆಯೇ. ಅವಳ ಬಾಡಿಗೆ ಮನೆಯ ಸಿಂಕ್ ಕಟ್ಟಿಕೊಂಡಿತಂತೆ, ಇವನು ಬಂದನಂತೆ, ಬಿಚ್ಚಿದನಂತೆ, ಚಹಾ ಕುಡಿದನಂತೆ. ಅಷ್ಟಕ್ಕೇ ಪ್ರೇಮ! ಇಲ್ಲಿ ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಮ್ಮ ಮನೆಯ ಸಿಂಕೂ ವರ್ಷಾನುಗಟ್ಟಲೆಯಿಂದ ಕಟ್ಟಿಕೊಳ್ಳುತ್ತಲೇ ಇದೆ. ನಾನು ಯಾರನ್ನಾದರೂ ಪ್ರೀತಿಸಿದೆನೆ? (ನಮ್ಮಲ್ಲಿ ಮನೆಯವರೇ ಬರೀ ಬನಿಯನ್‌ನಲ್ಲಿ ಕೂತು ಕಡ್ಡಿ ಹಾಕಿ ತಿವಿಯುತ್ತಾರೆ. ಪ್ರೀತಿ ಹುಟ್ಟುವಂಥ ದೃಶ್ಯವಲ್ಲ ಅದು.)

ಮನೆಯವರ ಹೆಸರು ವಿರೂಪಾಕ್ಷ. ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರ್. ಜಗತ್ತಿನಲ್ಲಿ ಏನೇ ಎದುರು ಬಂದರೂ ಹಸಿರು ದೀಪ ತೋರಿಸಿ ಮುಂದಕ್ಕೆ ಬಿಡುವುದು ಅವರ ವೃತ್ತಿಧರ್ಮ.

"ಹುಡುಗ ಚೊಲೊ ಅದಾನ, ಬಿಡು," ಅಂದರು ಪೇಪರಿನಿಂದ ಮುಖ ಎತ್ತದೆ.

"ನೀವು ಯಾವಾಗ ನೋಡೀರಿ?"

"ನೋಡಿಲ್ಲ. ಫೋನಿನ್ಯಾಗ ಮಾತಾಡ್ದ. ದನಿ ಚೊಲೊ ಅದ."

"ದನಿ ಕೇಳಿ ಹೆಣ್ಣು ಕೊಡೂದಾದ್ರ ರೇಡಿಯೋಕ್ಕ ಕೊಡ್ರಿ! ಮನೆತನ ವಿಚಾರಸಬೇಕೋ ಬ್ಯಾಡೋ? ಬೆಡಗು ಯಾವುದು, ಹಿರ್ಯಾರು ಯಾರು, ಏನ್ ಮಾಡ್ಕೊಂಡಿದ್ರು?"

"ಚನ್ನೀ, ಅಂವಾ ಇಂಗ್ಲಿಷ್ ಮನಶ್ಯಾ. ಕ್ರೇಗ್ ಪಿಲ್ಬೀಮ್ ಅಂತ ಹೆಸರು. ಅವಂಗ ಬೆಡಗು ಎಲ್ಲಿಂದ ತರ್ಲಿ?"

ಬೆಡಗು, ಅಂದರೆ ಗೋತ್ರದಂಥ ಕುಲದ ಗುರುತು, ಇಲ್ಲದ ಮನುಷ್ಯನೂ ಇರುತ್ತಾನೆಯೆ? ಧಾರವಾಡದ ನಮ್ಮ ಓಣಿಯಲ್ಲಿ ಎಮ್ಮೆ ಕೊಳ್ಳುವಾಗಲೂ ಅದರ ತಾಯಿ, ಅಜ್ಜಿಯರ ಗುಣಾವಗುಣ ವಿಚಾರಿಸುತ್ತಿದ್ದರು. ಹೆಣ್ಣು ಕೊಡುವಾಗ ಕೇಳಬೇಕೆ? ಈ ವಿಚಾರಣೆಗೆ ಒಂದು ದೊಡ್ಡ ಉಪಯೋಗವಿತ್ತು. ಬೇಡದ ಸಂಬಂಧವನ್ನು 'ಬೇಡ' ಅನ್ನದೆ ಮುರಿಯಬಹುದಿತ್ತು. ಆ ಕಡೆಯ ಅಜ್ಜನೊಬ್ಬನ ಹಳೆಯ ಹುಳುಕನ್ನು ನಾಲ್ಕು ಜನರ ಮುಂದೆ ಮೆಲ್ಲಗೆ ತೆಗೆದಿಟ್ಟರೆ ಸಾಕು, ಅವರೇ ಮಾನಕ್ಕೆ ಅಂಜಿ ಹಿಂದೆ ಸರಿಯುತ್ತಿದ್ದರು. ನಮ್ಮ ಕೈಯೂ ಸ್ವಚ್ಛ, ಬಾಯಿಯೂ ಸ್ವಚ್ಛ. ಈ ಮದುವೆಯನ್ನೂ ಹೀಗೇ ಮುರಿಯುವುದೆಂದು ನಾನು ಆವತ್ತೇ ನಿಶ್ಚಯಿಸಿದೆ.

ಮಗಳಿಗೆ ಫೋನ್ ಮಾಡಿ, "ಅವನ ಮನೆತನ ನೋಡದ ನಾ ಒಪ್ಪಂಗಿಲ್ಲ," ಅಂದೆ.

"ಶೂರ್ ಅಮ್ಮಾ, ನೋಡು. ಅವ್ನ ಮಮ್ ಲೊರೇನ್ ಫುಲ್ ಫ್ಯಾಮಿಲಿ ಟ್ರೀ ಮಾಡಿದ್ದಾಳೆ. ಶೀ ವಿಲ್ ಲವ್ ಯೂ!"

ನಾನು ಬೇಡಿದ್ದು ಬೆಂಕಿ ಕಡ್ಡಿ, ಅವಳು ಸೌದೆಯ ಹೊರೆಯನ್ನೇ ಹೊರಿಸಿದಳು.

ಹೀಗೆ ಗಂಡಿನ ಮನೆ ನೋಡಲು ಮೆಲ್ಬರ್ನಿಗೆ ಹೊರಟೆವು. ಪಿಲ್ಬೀಮರ ಮನೆ ಕ್ರಾನ್‌ಬರ್ನ್‌ನಲ್ಲಿ. ಹುಡುಗ ಬಾಗಿಲಲ್ಲೇ ನಿಂತಿದ್ದ, ಚಡ್ಡಿಯಲ್ಲಿ! ಹೆಣ್ಣಿನ ತಂದೆತಾಯಿ ಮೊದಲ ಸಲ ಮನೆಗೆ ಬರುವಾಗ ಒಂದು ಪ್ಯಾಂಟ್ ಹಾಕಿಕೊಳ್ಳುವಷ್ಟು ಸಂಸ್ಕಾರ ಬೇಡವೆ? ಅವನಪ್ಪ ಬ್ಯಾರಿ ಹಿತ್ತಲಲ್ಲಿ ಇಕ್ಕಳ ಹಿಡಿದು ಏನನ್ನೋ ಸುಡುತ್ತಿದ್ದ. ಆ ಮನುಷ್ಯನ ಕೈಯಲ್ಲಿ ಇಕ್ಕಳವಿಲ್ಲದ್ದನ್ನು ನಾನು ಇಂದಿನವರೆಗೂ ಕಂಡಿಲ್ಲ. ನಾವು ಮಾಂಸ ತಿನ್ನುವುದಿಲ್ಲವೆಂದು ಮಗಳು ಮೊದಲೇ ಹೇಳಿದ್ದಳಂತೆ. ಅದಕ್ಕೇ ವಿಶೇಷ ಕಾಳಜಿಯಿಂದ ಒಂದು ಕುಂಬಳಕಾಯಿ ಹೋಳನ್ನು ಅದೇ ಕಾವಲಿಯ ಮೂಲೆಯಲ್ಲಿ ಸುಟ್ಟು ಕೊಟ್ಟರು. ಮನೆಯವರು ಎರಡು ಸಲ ಹಾಕಿಸಿಕೊಂಡರು. ಅವರನ್ನು ಏನೆನ್ನಲಿ.

ಆದರೆ ನನ್ನ ಕಣ್ಣೆಲ್ಲ ಟಿವಿಯ ಮೇಲೆ ತೂಗುಹಾಕಿದ್ದ ದೊಡ್ಡ ಚೌಕಟ್ಟಿನ ಮೇಲೆ. ಲೊರೇನ್ ಅದರ ಮುಂದೆ ನಿಂತು ಪುರಾಣ ಬಿಚ್ಚಿದಳು. ಇಂಗ್ಲೆಂಡಿನಲ್ಲಿ ಹಳ್ಳಿಹಳ್ಳಿಯ ಚರ್ಚಿನಲ್ಲೂ ಹುಟ್ಟಿದ ಕೂಸಿನ ದೀಕ್ಷಾಸ್ನಾನ, ಮದುವೆ, ಮಣ್ಣು, ಮೂರನ್ನೂ ಪಾದ್ರಿ ಬರೆದಿಡುತ್ತಿದ್ದನಂತೆ. ಅದನ್ನೆಲ್ಲ ಹುಡುಕಿ ಹುಡುಕಿ ಈಕೆ ಮೇಲಿನ ತುದಿಗೆ ಮುಟ್ಟಿದ್ದು ಥಾಮಸ್ ಪಿಲ್ಬೀಮ್ ಎಂಬ ಮೂಲಪುರುಷನಿಗೆ. ಸಸೆಕ್ಸ್‌ನ ಮಾರ್ಶ್‌ಕೂಂಬ್ ಎಂಬ ಹಳ್ಳಿ. ಅಪ್ಪ ಅಲ್ಲಿಯ ಚರ್ಚಿನ ಧರ್ಮದರ್ಶಿ. ಸತ್ಕುಲಪ್ರಸೂತನಾದ ಈ ಥಾಮಸ್ ಸ್ವಇಚ್ಛೆಯಿಂದ ಸಮುದ್ರ ದಾಟಿ ಬಂದು, ಹಾನಾ ಎಂಬವಳನ್ನು ಮದುವೆಯಾಗಿ, ಮೆಲ್ಬರ್ನಿನಲ್ಲಿ ನೆಲೆ ನಿಂತನಂತೆ.

"ಇವರು ತೀರಿಕೊಂಡಿದ್ದು ಯಾವಾಗ?" ಅಂತ ಕೇಳಿದೆ.

ಲೊರೇನ್ ತಬ್ಬಿಬ್ಬಾದಳು. ಹುಟ್ಟಿದ್ದು ಚರ್ಚಿನ ಬರಹದಲ್ಲಿ ಸಿಕ್ಕಿತು, ಸತ್ತಿದ್ದನ್ನು ಅಷ್ಟಾಗಿ ಹುಡುಕಿಲ್ಲ ಅಂದಳು. ನನಗೆ ನಗು ಬಂತು. ನಮ್ಮ ಕಡೆ ಹಿರಿಯರು ಹುಟ್ಟಿದ ದಿನ ಯಾರಿಗೆ ಬೇಕಾಗಿದೆ? ಸತ್ತ ದಿನ ಗೊತ್ತಿರಬೇಕು. ಆ ದಿನ ಫೋಟೋಕ್ಕೆ ಮಾಲೆ ಹಾಕಿ, ಹೋಳಿಗೆ ಮಾಡಿ, ಎಡೆ ಇಡಬೇಕಲ್ಲ! ಹಿರಿಯರ ತಿಥಿಯನ್ನೇ ಅರಿಯದವಳು ವಂಶಾವಳಿಗೆ ಚೌಕಟ್ಟು ಹಾಕಿಸಿದ್ದಾಳೆ.

ಸಿಡ್ನಿಗೆ ಬಂದವಳೇ, ಈ ಚರ್ಚುಗಳ ರಿಜಿಸ್ಟರಿನ ಪುಟಗಳನ್ನು ಫೋಟೋ ತೆಗೆದ ಫಿಲ್ಮ್ ತರಿಸಿಕೊಡುವ ಒಂದು ಲೈಬ್ರರಿಯನ್ನು ಪತ್ತೆ ಹಚ್ಚಿದೆ. ಮನೆಯವರನ್ನು ಶನಿವಾರ ಶನಿವಾರ ಹೊರಡಿಸಿದೆ. ಅಲ್ಲೊಂದು ಯಂತ್ರ. ಫಿಲ್ಮ್ ಸಿಕ್ಕಿಸಿ, ಬೀಸುಕಲ್ಲಿನ ಹಾಗೆ ಹಿಡಿ ಹಿಡಿದು ತಿರುಗಿಸಬೇಕು. ಅಕ್ಕಪಕ್ಕದಲ್ಲಿ ಬಿಳಿತಲೆಯ ಮುದುಕ ಮುದುಕಿಯರು ತಮ್ಮ ತಮ್ಮ ಅಜ್ಜಂದಿರನ್ನು ಬೀಸುತ್ತಿದ್ದರು. ಸೀರೆ ಉಟ್ಟುಕೊಂಡು ಇಂಗ್ಲಿಷ್ ಪಾದ್ರಿಯ ಕೈಬರಹ ಓದುವವಳು ನಾನೊಬ್ಬಳೇ. ಪಾದ್ರಿಯ ಅಕ್ಷರವೋ, ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದಂತಿತ್ತು. ಹೆಸರಿಗಂತೂ ಆ ಊರಲ್ಲಿ ಭಯಂಕರ ಬರ. ಗಂಡಾದರೆ ಜಾನ್, ವಿಲಿಯಂ, ಥಾಮಸ್. ಹೆಣ್ಣಾದರೆ ಮೇರಿ. ಒಬ್ಬಳು ಮೇರಿ ಸತ್ತರೆ ಮುಂದೆ ಹುಟ್ಟಿದವಳಿಗೂ ಮೇರಿ! ಹೊಸ ಹೆಸರು ಇಟ್ಟರೆ ಇವರ ಗಂಟೇನು ಹೋಗುತ್ತಿತ್ತು?

"ಎಲ್ಲಾ ಅದೇ ಊರಾಗ, ಅದೇ ನಾಕು ಮನ್ಯಾಗ ಮದುವಿ ಮಾಡ್ಕೊಂಡಾರ. ಥೂ!" ಅಂದೆ.

ಮನೆಯವರು ಹಿಡಿ ತಿರುಗಿಸುವುದನ್ನು ನಿಲ್ಲಿಸಿದರು. "ನಾ ಯಾರು?"

"ಯಾರು?"

"ನಿನ್ನ ಸ್ವಾದರತ್ತಿ ಮಗಾ."

"ಸುಮ್ನ ತಿರಗಸ್ರಿ," ಅಂದೆ.

ಎಲ್ಲರೂ ದೀಕ್ಷಾಸ್ನಾನದಿಂದ ಶುರು ಮಾಡಿದರೆ ನಾನು ಮಣ್ಣಿನಿಂದ ಶುರು ಮಾಡಿದೆ. ಮೂರನೆಯ ಶನಿವಾರವೋ ಏನೋ, ಸಿಕ್ಕಿಯೇ ಬಿಟ್ಟ. ಥಾಮಸ್ ಪಿಲ್ಬೀಮ್, ಧರ್ಮದರ್ಶಿಯ ಮಗ, ಇನ್ನೂ ಹಲ್ಲು ಮೂಡದ ಕೂಸು, ಮಣ್ಣು ಮಾಡಲಾಗಿದೆ! ತೊಟ್ಟಿಲಲ್ಲೇ ತೀರಿಕೊಂಡ ಕೂಸನ್ನು ಲೊರೇನ್ ಎಬ್ಬಿಸಿ, ಬೆಳೆಸಿ, ಹಡಗು ಹತ್ತಿಸಿ, ಮದುವೆ ಮಾಡಿ, ಮೆಲ್ಬರ್ನಿನಲ್ಲಿ ಒಂದು ಹಿಂಡು ಮಕ್ಕಳನ್ನು ಹುಟ್ಟಿಸಿಬಿಟ್ಟಿದ್ದಳು. ನಾನು ಲೈಬ್ರರಿಯೆಂಬುದನ್ನೂ ಮರೆತು ಚಪ್ಪಾಳೆ ತಟ್ಟಿದೆ. ಮುದುಕಿಯೊಬ್ಬಳು ಎದ್ದು ಬಂದು ನನ್ನ ಬೆನ್ನು ತಟ್ಟಿದಳು.

ಹಾಗಾದರೆ ಇವರ ನಿಜವಾದ ಥಾಮಸ್ ಯಾರು? ಅದೇ ಚರ್ಚಿನಲ್ಲಿ, ಅದೇ ವರ್ಷ, ಇನ್ನೊಬ್ಬ ಥಾಮಸ್ ಪಿಲ್ಬೀಮ್‌ಗೆ ನೀರು ಚಿಮುಕಿಸಿದ್ದರು. ತಾಯಿ ಮನೆಗೆಲಸದವಳು, ಮದುವೆಯಾಗದವಳು. ಅಪ್ಪನ ಹೆಸರಿನ ಜಾಗದಲ್ಲಿ ಪಾದ್ರಿ ಒಂದು ಗೆರೆ ಎಳೆದಿದ್ದ. ಆ ಗೆರೆ ಕಂಡು ನನಗೆ ಆದ ಆನಂದ ಹೇಳಲಾರೆ. ಮುಂದೆ ಈ ಥಾಮಸ್ ಎಲ್ಲಿ ಹೋದ ಅಂತ ಹುಡುಕಲು ಇಂಗ್ಲೆಂಡಿಗೆ ಹೋಗಬೇಕಾಗಿಯೇ ಇರಲಿಲ್ಲ. ನಮ್ಮ ಸಿಡ್ನಿಯಲ್ಲೇ, ಸರಕಾರದ ದಾಖಲೆಗಳಲ್ಲಿ, ಇಂಗ್ಲೆಂಡಿನಿಂದ ಗಡಿಪಾರಾಗಿ ಬೇಡಿ ಹಾಕಿಸಿಕೊಂಡು ಹಡಗಿನಿಂದ ಇಳಿದ ಕೈದಿಗಳ ಪೈಕಿ ಬೆಚ್ಚಗೆ ಕೂತಿದ್ದ. ಊರು ಮಾರ್ಶ್‌ಕೂಂಬ್. ವಯಸ್ಸು ಅದೇ. ಕೈದಿಗಳು ಮದುವೆಯಾಗಲು ಸರಕಾರದ ಅಪ್ಪಣೆ ಬೇಕಿತ್ತು, ಆ ಅಪ್ಪಣೆಯಲ್ಲಿ ಹೆಣ್ಣಿನ ಹೆಸರು ಹಾನಾ. ಶಿಕ್ಷೆ ಮುಗಿದ ಮೇಲೆ ಮೆಲ್ಬರ್ನಿಗೆ ಹೋದನೆಂದೂ ಇತ್ತು. ಲೊರೇನಿಗೆ ಇದು ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಧರ್ಮದರ್ಶಿಯ ಮಗನನ್ನು ಕಳ್ಳರಲ್ಲಿ ಯಾರು ಹುಡುಕುತ್ತಾರೆ? ಅದಕ್ಕೆ ನನ್ನಂಥ ಬೀಗಿತಿಯೇ ಬೇಕು.

ಅಪರಾಧ? ಕೋಳಿ ಕದ್ದದ್ದು! ಕದಿಯುವುದೇ ಆದರೆ ಬಂಗಾರ ಕದಿಯಬಾರದೆ, ಕುದುರೆ ಕದಿಯಬಾರದೆ? ಕಳ್ಳತನದಲ್ಲೂ ಒಂದು ಘನತೆ ಬೇಡವೆ?

"ಚನ್ನೀ, ಇದನ್ನ ಇಲ್ಲಿಗೇ ಬಿಡು," ಅಂದರು ಮನೆಯವರು. "ಮಗಳ ಮನಸು ಮುರೀತದ."

"ಮುರದ್ರ ಕೂಡ್ತದ. ನಳ ರಿಪೇರಿಯವನ ಕೂಡ ಜೀವನ ಮಾಡಿದ್ರ ಕೂಡಂಗಿಲ್ಲ," ಅಂದೆ.

ಲೊರೇನಿನ ಮನೆಯಲ್ಲಿ ನೆಂಟರಿಷ್ಟರು ಸೇರುವ ಭಾನುವಾರವನ್ನೇ ನೋಡಿ ಮತ್ತೆ ಮೆಲ್ಬರ್ನಿಗೆ ಹೋದೆವು. ಹಿತ್ತಲ ತುಂಬ ಜನ. ಬ್ಯಾರಿ, ಇಕ್ಕಳ, ಹೊಗೆ. ಊಟವಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಮುಖದ ಮೇಲೆ ತಕ್ಕಷ್ಟು ದುಃಖ ತಂದುಕೊಂಡು, ಹೇಳಬಾರದ್ದನ್ನು ಹೇಳಬೇಕಾಗಿದೆ ಅಂತ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಧರ್ಮದರ್ಶಿಯ ಮಗ ಸತ್ತ ಪುಟದ ನಕಲು ಕೊಟ್ಟೆ. ಅಪ್ಪನಿಲ್ಲದ ಥಾಮಸನ ಪುಟ ಕೊಟ್ಟೆ. ಕೊನೆಗೆ ಬ್ರಹ್ಮಾಸ್ತ್ರ: ಕೋಳಿ, ಬೇಡಿ, ಹಡಗು.

ನೆಂಟರು ನಕಲುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಸಂಧ್ಯಾರಾಣಿಯ ಮುಖ ಬಿಳಿಚಿತು. ಕ್ರೇಗ್ ಅವಳ ಕೈ ಹಿಡಿದುಕೊಂಡ. ಲೊರೇನ್ ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕುಸಿದಳು. ಕಣ್ಣಲ್ಲಿ ನೀರು. ಇನ್ನು ಈಕೆ ಎದ್ದು, ಕೈ ಮುಗಿದು, 'ನಿಮ್ಮಂಥವರ ಹೆಣ್ಣಿಗೆ ನಾವು ಯೋಗ್ಯರಲ್ಲ' ಅನ್ನುವುದೊಂದು ಬಾಕಿ ಅಂತ ನಾನು ಕಾದೆ.

ಅವಳು ಎದ್ದಳು. "ಬ್ಯಾರೀ!" ಅಂತ ಓಣಿಗೆಲ್ಲ ಕೇಳುವಂತೆ ಕಿರುಚಿದಳು. "ನಮಗೂ ಒಬ್ಬ ಕಳ್ಳ ಸಿಕ್ಕಿದ!"

ಬ್ಯಾರಿ ಇಕ್ಕಳ ಎಸೆದು ಬಂದ (ಒಂದು ನಿಮಿಷದ ಮಟ್ಟಿಗೆ). ನೆಂಟರೆಲ್ಲ ಕೇಕೆ ಹಾಕಿದರು. ಈ ದೇಶದಲ್ಲಿ ಬೇಡಿ ಹಾಕಿಸಿಕೊಂಡು ಬಂದ ಅಜ್ಜನಿದ್ದರೆ ಅದೇ ದೊಡ್ಡ ಮನೆತನವಂತೆ! ಸಿಡ್ನಿಯವರೆಲ್ಲ ತಮ್ಮ ತಮ್ಮ ಕಳ್ಳರನ್ನು ತೋರಿಸಿ ಮೆರೆಯುವಾಗ ಪಾಪ ಲೊರೇನ್ ಚರ್ಚಿನ ಧರ್ಮದರ್ಶಿಯನ್ನು ಹಿಡಿದುಕೊಂಡು ತಲೆತಗ್ಗಿಸಿ ಕೂರುತ್ತಿದ್ದಳಂತೆ. ಅವಳು ನನ್ನನ್ನು ತಬ್ಬಿ, ಎರಡೂ ಕೆನ್ನೆಗೆ ಮುತ್ತಿಟ್ಟು, ಜನ್ಮದಲ್ಲೇ ಇಂಥ ಉಡುಗೊರೆ ಯಾರೂ ಕೊಟ್ಟಿಲ್ಲ, ಮದುವೆ ಯಾವಾಗ, ದಿನ ನೀವೇ ಹೇಳಿ ಅಂದಳು. ಮನೆಯವರು ಜೇಬಿನಿಂದ ಪಂಚಾಂಗ ತೆಗೆದರು. ಅದು ಅವರ ಜೇಬಿಗೆ ಯಾವಾಗ ಬಂದಿತ್ತೋ ನನಗೆ ತಿಳಿಯದು.

ಸಂಧ್ಯಾರಾಣಿ ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. "ಅಮ್ಮಾ, ನೀನು ಕ್ರೇಗ್‌ನ ಹೇಟ್ ಮಾಡ್ತೀಯ ಅಂದ್ಕೊಂಡಿದ್ದೆ. ಅವ್ನ ಮಮ್‌ಗೋಸ್ಕರ ಇಷ್ಟೆಲ್ಲಾ ಮಾಡಿದ್ಯಾ? ಐ ಆಮ್ ಸೋ ಸಾರಿ, ಅಮ್ಮಾ."

ಅವಳು ನನ್ನನ್ನು ಹಾಗೆ ತಬ್ಬಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನನಗೆ ನಾಚಿಕೆಯಾಯಿತು, ಸಿಟ್ಟು ಬಂತು, ಸುಖವೂ ಆಯಿತು. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

"ಹೂಂ," ಅಂದೆ. "ನಿನ್ನ ಸಲುವಾಗಿ ಮಾಡಿದೆ."

ಅವಳ ಬೆನ್ನ ಹಿಂದೆ ಮನೆಯವರು ಪಂಚಾಂಗ ಮುಖಕ್ಕೆ ಅಡ್ಡ ಹಿಡಿದುಕೊಂಡು ಕುಲುಕುಲು ನಗುತ್ತಿದ್ದರು.

ಲಗ್ನಪತ್ರಿಕೆ ಮಾಡಿಸುವಾಗ ಲೊರೇನ್ ಕರಡು ನೋಡಿದಳು. ತಲೆಯ ಮೇಲೆ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದಿರುವುದು ಯಾರ ಹೆಸರು ಅಂತ ಕೇಳಿದಳು. ನಮ್ಮ ಮನೆದೇವರು, ಆಶೀರ್ವಾದಕ್ಕೆ ಹಾಕುತ್ತೇವೆ ಅಂದೆ. ಹಾಗಾದರೆ ನಮ್ಮ ಕಡೆಯಿಂದಲೂ ಒಬ್ಬರು ಬೇಕು ಅಂದಳು. ನಾನು ಬಾಯಿ ತೆರೆಯುವುದರೊಳಗೆ ಮನೆಯವರು ಹಸಿರು ದೀಪ ತೋರಿಸಿದ್ದರು. ಧಾರವಾಡದ ಬಂಧುಬಳಗಕ್ಕೆಲ್ಲ ತಲುಪಿದ ಪತ್ರಿಕೆಯಲ್ಲಿ ಎಡಕ್ಕೆ ಶ್ರೀ ವೀರಭದ್ರೇಶ್ವರ ಪ್ರಸನ್ನ, ಬಲಕ್ಕೆ ಶ್ರೀ ಥಾಮಸ್ ಪಿಲ್ಬೀಮ್ ಪ್ರಸನ್ನ.

ಪತ್ರಿಕೆ ಮುಟ್ಟಿದ ದಿನವೇ ನಮ್ಮ ಅತ್ತೆ ಗಿರಿಜವ್ವನವರ ಫೋನ್ ಬಂತು, ಪಕ್ಕದ ಮನೆಯವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ.

"ಚನ್ನೀ, ಕಾರ್ಡ್ ಬಂತವಾ. ಈ ಥಾಮಸ್ ಅಂದ್ರ ಯಾರು? ದೇವರೋ, ಸತ್ಪುರುಷರೋ?"

ಮನೆಯವರು ಪೇಪರ್ ಓದುವುದನ್ನು ನಿಲ್ಲಿಸಿದರು.

"ಅವರ ಮನಿ ಹಿರ್ಯಾರ್ರೀ ಅತ್ತಿ," ಅಂದೆ. "ಭಾಳ ದೊಡ್ಡವರು. ಆ ಕಾಲದಾಗ ಸರಕಾರದವರು ಖರ್ಚು ಹಾಕ್ಕೊಂಡು, ಹಡಗದಾಗ ಕೂಡಿಸಿ, ಕಾವಲು ಕೊಟ್ಟು, ಈ ದೇಶಕ್ಕ ಕರಕೊಂಡು ಬಂದಿದ್ರು."

"ಹಂಗಾರ ಮನೆತನ ಅಂದ್ರ ಮನೆತನ!" ಅತ್ತೆಗೆ ಎದೆ ತುಂಬಿ ಬಂದಿತ್ತು. "ನೀ ವಿಚಾರಸಿದಿ ಅಂದ್ರ ಹುಳುಕು ಇರಂಗಿಲ್ಲ ಅಂತ ನನಗ ಗೊತ್ತಿತ್ತು. ಅಂಥಾ ಹಿರ್ಯಾರಿದ್ದ ಮನಿ ಇನ್ನೊಂದು ಇದ್ರ ನೋಡವಾ. ನನ್ನ ಸಣ್ಣ ತಮ್ಮನ ಮೊಮ್ಮಗಳೂ ಲಗ್ನದ ವಯಸ್ಸಿಗೆ ಬಂದಾಳ."

ನಾನು ಫೋನಿಗೆ ಕೈ ಅಡ್ಡ ಹಿಡಿದು ಮನೆಯವರ ಕಡೆ ನೋಡಿದೆ.

"ಅಂಥಾ ಮನಿ ಇಲ್ಲಿ ಬೇಕಾದಷ್ಟು ಅದಾವ ಅಂತ ಹೇಳು," ಅಂದರು ಮನೆಯವರು, ಮತ್ತೆ ಪೇಪರ್ ಎತ್ತಿಕೊಂಡು.