ಕಡಬ ಕಾಲುವೆಯ ಮೊದಲ ಬೋಟು

"ನಿಮ್ಮ ಕಾಲುವೇಲಿ ಒಂದು ಎಮ್ಮೆ ಮಲಗಿದ್ರೆ ನೀರೇ ನಿಂತೋಯ್ತದೆ. ಬೋಟ್ ಬಿಡ್ತಾನಂತೆ, ಬೋಟು!"

ನಾಮಕರಣದ ಪಂಕ್ತಿಯಲ್ಲಿ ಕುಣಿಗಲ್ ಕಾಂತೇಶ್ ಹೀಗೆ ನಕ್ಕಿದ್ದೇ ಎಲ್ಲಕ್ಕೂ ಕಾರಣ. ಕಡಬದ ಅನಂತರಾಜುವಿನ ಹೆಂಡತಿಯ ಅಣ್ಣ ಈತ. ಕುಣಿಗಲ್ ಕೆರೆಯನ್ನೂ ಅಲ್ಲಿನ ಕುದುರೆಗಳನ್ನೂ ತಾನೇ ಹೆತ್ತಂತೆ ಮಾತಾಡುವ ಆಸಾಮಿ.

"ರಾಜರ ಕಾಲದ ಕಾಲುವೆ ಭಾವ ಇದು! ಹೊಸಹಳ್ಳಿವರ್ಗೂ ನಿಮ್ಮನ್ನೇ ಕೂರಿಸ್ಕಂಡೋಯ್ತೀನಿ. ಮುಟ್ಟಿದ್ರೆ ನಮ್ ಕಾಲುವೆ ದೊಡ್ದು ಅಂತ ಎಲ್ರ ಮುಂದೆ ಒಪ್ಕಬೇಕು," ಎಂದ ಅನಂತರಾಜು.

"ಮುಟ್ಲಿಲ್ಲ ಅಂದ್ರೆ?"

"ಕುಣಿಗಲ್ ಕೆರೆ ಏರಿ ಮೇಲೆ ಅಡ್ಡಬೀಳ್ತೀನಿ."

ನೀಲಿ ಡ್ರಮ್ಮು, ಬೊಂಬು, ಗುಜರಿ ಬಸ್ಸಿನ ಸೀಟು ಸೇರಿ ಬೋಟಾಯಿತು. ಊರಿ ನಡೆಸಲು ಒಂದು ಉದ್ದನೆಯ ಕೋಲು. ಭಾನುವಾರ ಬೆಳಗ್ಗೆ ವಾಲಗ, ಹಾರ, ಪೂಜೆ. ಊರಿನ ಎದೆ ಕೆರೆ ಏರಿಗಿಂತ ಎತ್ತರಕ್ಕೆ ಉಬ್ಬಿತ್ತು. ಕಾಲುವೆ ತುಂಬ ನೀರು ಬಿಟ್ಟ ನೀರುಗಂಟಿ ರಂಗಯ್ಯನನ್ನು ಮರೆತರಾದೀತೇ? ಶಾಲು ಹೊದಿಸಿ ಮುಂದಿನ ಸೀಟಿನಲ್ಲೇ ಕೂರಿಸಿದರು. ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಅವನು ಭೀಮನ ಗದೆಯಂತೆ ಹೆಗಲಿಗೇರಿಸಿಕೊಂಡಿದ್ದ.

ಬೋಟು ತೇಲಿತು! ದಡದ ತೆಂಗಿನ ಮರಗಳೆಲ್ಲ ಬಗ್ಗಿ ನೋಡಿದವು. ನಂಬದಿದ್ದರೆ ಹೋಗಿ ನೋಡಿ, ಇನ್ನೂ ಬಗ್ಗಿಯೇ ಇವೆ. ಹಿಂದಿನ ಸೀಟಿನಲ್ಲಿ ಕೂತಿದ್ದ ಕಾಂತೇಶನ ಬಾಯಿ ಅರ್ಧ ದಾರಿಯವರೆಗೂ ಬಂದ್.

ಅಷ್ಟರಲ್ಲಿ ನೀರು ಸದ್ದಿಲ್ಲದೆ ಇಳಿದು, ಬೋಟು ಕಾವಿಗೆ ಕೂತ ಕೋಳಿಯಂತೆ ಕೆಸರಿನಲ್ಲಿ ಕೂತಿತು.

"ನೀರೆಲ್ಲಿಗೋಯ್ತು ರಂಗಯ್ಯಣ್ಣ?"

"ಎಲ್ಲಿಗೋಯ್ತದೆ? ಕೆರೇಲೇ ಐತೆ. ತೂಬು ಮುಚ್ಚೇ ಬಂದೆ."

"ಮುಚ್ಚಿದ್ಯಾ!"

"ತೂಬು ತೆಗೆದಿಟ್ಟು ನೀರುಗಂಟಿ ಎದ್ದೋದ ಅನ್ನೋ ಮಾತು ನಮ್ಮಜ್ಜನ ಕಾಲದಿಂದ್ಲೂ ಇಲ್ಲ. ನೀವೇ ತಾನೆ ಶಾಲು ಹೊದ್ಸಿ ಹತ್ತಿಸಿದ್ದು?"

ಕಾಂತೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಳೆ ಬಾರಪ್ಪ ಕುಣಿಗಲ್‌ಗೆ. ಏರಿ ಗುಡಿಸಿಟ್ಟಿರ್ತೀವಿ."

ರಂಗಯ್ಯ ಹಿಡಿ ಹೊತ್ತುಕೊಂಡು ತೂಬಿನತ್ತ ವಾಪಸ್ ನಡೆದ. ಉಳಿದವರೆಲ್ಲ ಇಳಿದು ಬೋಟು ತಳ್ಳತೊಡಗಿದರು. ಕಾಂತೇಶ್ ಮಾತ್ರ ಜಗ್ಗಲಿಲ್ಲ. "ನಾನು ಗೆಸ್ಟು ಕಣ್ರಯ್ಯ. ಪಂಚೆ ಬೇರೆ ಹೊಸಾದು," ಎಂದು ಕಾಲು ಚಾಚಿ ಗೊರಕೆ ಹೊಡೆದ.

ಊರ ಮಾನದ ಪ್ರಶ್ನೆಯೆಂದು ರಂಗಯ್ಯ ತೂಬನ್ನು ಎಂದೂ ಎತ್ತದಷ್ಟು ಎತ್ತಿಬಿಟ್ಟ. ನೀರು ನುಗ್ಗಿತು. ತಳ್ಳುತ್ತಿದ್ದವರು ದಡಕ್ಕೆ ಹಾರಿದರು. ಬೋಟು ಹಗ್ಗ ಬಿಚ್ಚಿದ ಕರುವಿನಂತೆ ಓಡಿತು, ಕಾಂತೇಶನ ಸಮೇತ.

"ಭಾವಾ! ಕೋಲು ಊರ್ರೀ! ಕೋಲು!" ಅನಂತರಾಜು ದಡದಲ್ಲಿ ಓಡಿದ. ಎಚ್ಚೆತ್ತ ಕಾಂತೇಶ್ ಎದ್ದು ನಿಂತು, ಕೋಲನ್ನೇ ದೇವರೆಂದು ತಬ್ಬಿಕೊಂಡು ಕಿರುಚುತ್ತಿದ್ದ.

ಅನಂತರಾಜು ಮಂಡಿಯುದ್ದ ಕೆಸರು ಮೆತ್ತಿಕೊಂಡು ಹೊಸಹಳ್ಳಿ ಮುಟ್ಟುವ ಹೊತ್ತಿಗೆ, ಕಾಯುತ್ತಿದ್ದ ಜನ ಕಾಂತೇಶನಿಗೆ ಮೂಗಿನವರೆಗೂ ಹಾರ ಹಾಕಿ ಹೆಗಲ ಮೇಲೆ ಹೊತ್ತಿದ್ದರು.

"ಒಬ್ರೇ ನಿಂತ್ಕಂಡು ನಡೆಸ್ಕಂಡ್ ಬಂದ್ರು ಕಣ್ರೀ! ಹಾಡೇಳ್ಕಂಡು!"

ಕಾಂತೇಶನ ಕೈಗೆ ಮೈಕು ಬಂತು. "ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಕಡಬದ ಕಾಲುವೆ ದೊಡ್ದು. ಒಪ್ದೆ!"

ಅನಂತರಾಜು ಕೆಸರೊರೆಸಿಕೊಂಡು ಎದೆಯುಬ್ಬಿಸಿದ.

"ಆದ್ರೆ ಅದ್ರಲ್ಲಿ ಬೋಟು ನಡ್ಸಕ್ಕೆ," ಎಂದ ಕಾಂತೇಶ್, "ಕುಣಿಗಲ್‌ನವ್ರೇ ಬರ್ಬೇಕಾಯ್ತು!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅನಂತರಾಜುವಿನ ಹೆಂಡತಿ ನಿಂಗಮ್ಮ.